ಒಂದು ದಿನ ತಪ್ಪಲಿ, ಎರಡನೇ ದಿನ ಬೇಡ

ನೋಡು ಮರಿ, ಇವತ್ತು ಬೆಳಿಗ್ಗೆ ಮೆಟ್ಟಿಲ ಕೆಳಗೆ ಕಸ ಗುಡಿಸುವಾಗ ನಿನ್ನ ಬೂಟು ಸಿಕ್ಕಿತು. ಯುಗಾದಿಗೆ ಮುಂಚೆ ಕೊಂಡದ್ದು. ಅಟ್ಟೆ ಇನ್ನೂ ಸವೆದಿಲ್ಲ, ಒಳಗೆ ಜೇಡ ಬಲೆ ಕಟ್ಟಿದೆ. ಕೊನೆಯ ದಿನ ಲೇಸು ಬಿಚ್ಚದೆ ಹಾಗೇ ಕಾಲಿನಿಂದ ಕಿತ್ತು ಬಿಸಾಕಿದ್ದೀಯ, ಗಂಟು ಅಂದಿನಂತೆಯೇ ಇದೆ. ಜಿಮ್ಮಿಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿ ಒಂದು ತಿಂಗಳೂ ಹೋಗಲಿಲ್ಲವೆಂದು ನಿಮ್ಮಮ್ಮ ನಮ್ಮ ಮನೆಯಾಕೆಯ ಹತ್ತಿರ ಹೇಳಿಕೊಂಡರಂತೆ. ಬೈಯುವುದಕ್ಕೆ ಬರೆಯುತ್ತಿಲ್ಲಪ್ಪ. ಮೊನ್ನೆ ಗೇಟಿನ ಹತ್ತಿರ "ತಾತ, ಮೂಡೇ ಬರಲ್ಲ" ಅಂದೆಯಲ್ಲ, ಆ ಮಾತು ತಲೆಯಲ್ಲೇ ಉಳಿಯಿತು.

ಪೀಣ್ಯದಲ್ಲಿ ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತವನು ನಾನು. ಬೆಳಗಿನ ಶಿಫ್ಟಿಗೆ ಹೊರಡುವಾಗ ಯಾವತ್ತೂ ಮೂಡು ಇರುತ್ತಿರಲಿಲ್ಲ. ಹೊತ್ತಾಯಿತು ಅಂದರೆ ಡಬ್ಬಿ ಹಿಡಿದು ಹೊರಡುತ್ತಿದ್ದೆ, ಅಷ್ಟೇ. ಮಷೀನಿಗೆ ಕೈಯಿಟ್ಟು ಹತ್ತು ನಿಮಿಷ ಕಳೆದರೆ ಮನಸ್ಸು ತಾನಾಗಿ ಕೆಲಸದ ಮೇಲೆ ಕೂರುತ್ತಿತ್ತು. ಹುರುಪು ಬಂದ ಮೇಲೆ ಎದ್ದೇಳುತ್ತೇನೆ ಅಂದುಕೊಂಡಿದ್ದರೆ ನಾಲ್ಕು ಜನರ ಸಂಸಾರ ನಡೆಯುತ್ತಿರಲಿಲ್ಲ. ದೇಹದ ಕೆಲಸವೂ ಒಂದು ಶಿಫ್ಟು ಅಂತ ತಿಳಿದುಕೋ. ಅದಕ್ಕೊಂದು ಹೊತ್ತು ಗೊತ್ತುಮಾಡು, ಮೂಡಿನ ಅಪ್ಪಣೆ ಕೇಳಬೇಡ.

ಈ ಬುದ್ಧಿ ನನಗೆ ಬಂದದ್ದು ತಡವಾಗಿ. ನಮ್ಮ ಲಗ್ಗೆರೆಯಲ್ಲಿ ಗಾರ್ಮೆಂಟ್ಸಿಗೆ ಹೋಗುವವರು, ಲೋಡಿಂಗ್ ಮಾಡುವವರು, ಪೇಂಟ್ ಹೊಡೆಯುವವರು ಎಲ್ಲರ ಬಾಯಲ್ಲೂ ಒಂದೇ ಮಾತು: "ದಿನವೆಲ್ಲ ದುಡೀತೀವಿ, ಬೇರೆ ಕಸರತ್ತು ಯಾಕೆ?" ನಾನೂ ಹಾಗೇ ಅನ್ನುತ್ತಿದ್ದೆ. ಐವತ್ತೆರಡಕ್ಕೆ ಸಕ್ಕರೆ ಕಾಯಿಲೆ ಬಂತು. ಅದೇ ವರ್ಷ ಊರಿನ ಮದುವೆಯಲ್ಲಿ ಪಂಕ್ತಿಗೆ ಕೂತವನು ಎಲೆಯ ಮುಂದಿನಿಂದ ಏಳಲಾರದೆ ಹೋದೆ. ಇಬ್ಬರು ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಅಷ್ಟು ವರ್ಷ ನಿಂತೇ ದುಡಿದ ಕಾಲು ನೆಲದಿಂದ ಏಳುವುದನ್ನು ಮರೆತುಬಿಟ್ಟಿತ್ತು. ದುಡಿಮೆ ಒಂದೇ ಮಗ್ಗುಲನ್ನು ಸವೆಸುತ್ತದೆ, ಮರಿ. ಅದೇ ತೋಳು, ಅದೇ ಸೊಂಟ, ಅದೇ ಬಾಗು, ವಿಶ್ರಾಂತಿ ಕೊಡದೆ. ವ್ಯಾಯಾಮ ಸ್ವಲ್ಪ ಹೆಚ್ಚಿನ ಭಾರ ಹಾಕಿ, ಆಮೇಲೆ ಬಿಡುವು ಕೊಟ್ಟು, ಮೈಯನ್ನು ಕಟ್ಟುತ್ತದೆ. ಕೂತು ಕೆಲಸ ಮಾಡುವ ನಿನಗೂ ನಿಂತು ಕೆಲಸ ಮಾಡಿದ ನನಗೂ ಅದು ಬೇಕೇ ಬೇಕು.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ ನನಗೆ ಕೊಟ್ಟದ್ದು ಒಂದೇ ಪಾಠ: ಕುರ್ಚಿಯಿಂದ ಕೈಯೂರದೆ ಎದ್ದು ನಿಲ್ಲುವುದು, ಮತ್ತೆ ನಿಧಾನವಾಗಿ ಕೂರುವುದು. ಹತ್ತು ಸಲ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೊದಲ ದಿನ ನಾಲ್ಕಕ್ಕೇ ತೊಡೆ ನಡುಗಿತು. ಬೆಳಿಗ್ಗೆ ಕಾಫಿ ಒಲೆಯ ಮೇಲಿಟ್ಟಾಗ ಮಾಡುತ್ತೇನೆ ಅಂತ ಗೊತ್ತುಮಾಡಿಕೊಂಡೆ. ಇವತ್ತಿಗೂ ಹಾಲು ಕಾಯುವ ಸದ್ದಿಗೆ ನನ್ನ ಕಾಲು ಕುರ್ಚಿಯ ಕಡೆ ತಿರುಗುತ್ತದೆ.

ಕನ್ನಡದಲ್ಲಿ ಓದುವುದಕ್ಕೂ ಅಭ್ಯಾಸ ಅನ್ನುತ್ತೇವೆ, ಸಾಧಕಕ್ಕೂ ಅಭ್ಯಾಸ, ರೂಢಿಗೂ ಅಭ್ಯಾಸ. ಮೂರಕ್ಕೂ ಒಂದೇ ಪದ ಇಟ್ಟವರು ವಿಷಯ ಬಲ್ಲವರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು 96 ಜನರನ್ನು ಇಟ್ಟುಕೊಂಡು ಇದನ್ನೇ ಅಳೆದು ನೋಡಿದರು. ಒಂದು ಹೊಸ ರೂಢಿ ಯೋಚಿಸದೆಯೇ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗುವ ಲೆಕ್ಕ ಬಂತು. ನೀನು ಒಂದು ತಿಂಗಳೊಳಗೆ ಬಿಟ್ಟೆ. ನಿನ್ನಲ್ಲಿ ಕೊರತೆಯಿದೆ ಅಂತ ಅದರ ಅರ್ಥವಲ್ಲ, ಕುದಿ ಬರುವ ಮುಂಚೆ ಒಲೆ ಆರಿಸಿದೆ ಅಷ್ಟೇ. ಅದೇ ಪ್ರಯೋಗದಲ್ಲಿ ಇನ್ನೊಂದು ಮಾತೂ ತಿಳಿಯಿತು: ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ. ಹಾಗಾಗಿ ಮಳೆ ಬಂತು, ನೆಂಟರು ಬಂದರು, ಜ್ವರ ಬಂತು ಅಂದರೆ ಒಂದು ದಿನ ಬಿಡು, ಮನಸ್ಸಿನಲ್ಲಿ ಕೊರಗಬೇಡ. ಎರಡನೇ ದಿನ ಮಾತ್ರ, ಜ್ವರ ಬಿಟ್ಟಿದ್ದರೆ, ಐದೇ ನಿಮಿಷವಾದರೂ ಸರಿ, ಆ ಹೊತ್ತಿಗೆ ಎದ್ದು ನಿಲ್ಲು. ಎರಡು ದಿನ ಬಿಟ್ಟವನ ಬೂಟು ಮೂರನೇ ದಿನ ಮೆಟ್ಟಿಲ ಕೆಳಗೆ ಸೇರುತ್ತದೆ. ನಾನು ಕಣ್ಣಾರೆ ಕಂಡದ್ದು.

ಗುರು ಬೇಕೇ ಅಂತ ನೀನು ಕೇಳಿದೆ. ಬೇಕು. "ಅವರ ಗರಡಿಯಲ್ಲಿ ಪಳಗಿದವನು" ಅನ್ನುತ್ತೇವಲ್ಲ, ಸುಮ್ಮನೆ ಹುಟ್ಟಿದ ಮಾತಲ್ಲ ಅದು. ಹೊಸ ಹುಡುಗನಿಗೆ ಉಸ್ತಾದರು ಮೊದಲೇ ಗದೆ ಕೊಡುತ್ತಿರಲಿಲ್ಲ. ಕೆಮ್ಮಣ್ಣಿನ ಮಟ್ಟಿ ಅಗೆಯಬೇಕು, ಆಮೇಲೆ ದಂಡೆ, ಬಸ್ಕಿ, ಆಮೇಲೆ ಸಾಮು. ಬೆಂಗಳೂರು ಪೇಟೆಯ ಕರಗದಲ್ಲಿ ಕತ್ತಿ ಹಿಡಿದು ನಡೆಯುವ ವೀರಕುಮಾರರೂ ಗರಡಿ ಮನೆಗಳ ನಂಟಿನವರೇ.

ನಿನ್ನ ವಯಸ್ಸಿನವರಿಗೆ ಗೊತ್ತಿಲ್ಲದ ಒಬ್ಬ ದೊಡ್ಡವರ ಹೆಸರು ಹೇಳುತ್ತೇನೆ: ಕೆ.ವಿ. ಅಯ್ಯರ್. 1897ರಲ್ಲಿ ಹುಟ್ಟಿ 1980ರವರೆಗೆ ಬಾಳಿದವರು. ಇದೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದರು. ಇವತ್ತು ಪರ್ಸನಲ್ ಟ್ರೈನಿಂಗ್ ಅಂತ ಬೋರ್ಡು ಹಾಕುತ್ತಾರಲ್ಲ, ಅದನ್ನು ಅವರು ಅಂಚೆಯಲ್ಲೇ ಮಾಡಿದರು. ದೂರದ ಶಿಷ್ಯರಿಗೆ ಪಾಠಗಳನ್ನು ಪೋಸ್ಟಿನಲ್ಲಿ ಕಳಿಸುತ್ತಿದ್ದರು. ಬಾರ್ಬೆಲ್ಲಿನ ಜೊತೆಗೆ ಸೂರ್ಯನಮಸ್ಕಾರಕ್ಕೂ ಅವರ ಪದ್ಧತಿಯಲ್ಲಿ ಜಾಗವಿತ್ತು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದದ್ದೂ ಅದೇ ಕೈ. ನಾನು ಹೆಚ್ಚಾಗಿ ಯೋಚಿಸುವುದು ಅವರ ಆ ಅಂಚೆಯ ಶಿಷ್ಯನ ಬಗ್ಗೆ. ಯಾವುದೋ ಊರಿನ ಕೋಣೆಯಲ್ಲಿ ಒಬ್ಬನೇ, ಕಾಗದ ಗೋಡೆಗೆ ಅಂಟಿಸಿಕೊಂಡು ನಿಂತಿದ್ದಿರಬೇಕು. ನೋಡುವವರಿಲ್ಲ, ಭೇಷ್ ಅನ್ನುವವರಿಲ್ಲ. ವಿಧಾನ ಗುರುವಿನದು, ಏಳುವುದು ಅವನದು. ಟ್ರೈನರ್ ದಿನಾ ಹುರಿದುಂಬಿಸಲಿ ಅಂತ ದುಡ್ಡು ಕೊಡುವ ನಿನ್ನಂಥವರು ಈ ಲೆಕ್ಕ ತಿಳಿದುಕೊಳ್ಳಬೇಕು. ಟ್ರೈನರಿನಿಂದ ಕಲಿಯಬೇಕಾದ್ದು ಕ್ರಮ. ಒಂದೆರಡು ತಿಂಗಳು ಚೆನ್ನಾಗಿ ಕಲಿತರೆ, ಅವನಿಲ್ಲದ ದಿನವೂ ನಡೆಸಿಕೊಂಡು ಹೋಗಬಹುದು.

ಒಳ್ಳೆಯ ಟ್ರೈನರನ್ನು ಗುರುತಿಸುವುದು ಕಷ್ಟವಲ್ಲ. ಮೊದಲ ದಿನ ಅವನು ಭಾರ ಎತ್ತಿಸುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಎಷ್ಟು ಹೊತ್ತು ನಿದ್ದೆ, ಯಾವ ಮಾತ್ರೆ, ಹಿಂದೆ ಎಲ್ಲಾದರೂ ಪೆಟ್ಟು ಬಿದ್ದಿದೆಯೇ, ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆಯೇ ಅಂತ. ನನ್ನ ಪರಿಚಯದ ಹುಡುಗನೊಬ್ಬನಿಗೆ ಮೊದಲ ದಿನವೇ ನೂರು ಬಸ್ಕಿ ಹೊಡೆಸಿ, ಹೊರಡುವಾಗ ಪೌಡರ್ ಡಬ್ಬಿ ಕೈಗಿಟ್ಟರು. ಮೂರು ದಿನ ಮೆಟ್ಟಿಲು ಇಳಿಯಲಾಗದೆ ಕೂತ, ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಅಂಥವರಿಂದ ದೂರ ಇರು. ನಿನಗೆ ಸದ್ಯ ಬೇಕಾದ್ದು ನಿಮ್ಮಮ್ಮ ಮಾಡುವ ಮುದ್ದೆ, ಸೊಪ್ಪಿನ ಸಾರು, ಮೊಳಕೆ ಹುರುಳಿ, ಎರಡು ಮೊಟ್ಟೆ.

ನನಗೆ ಗುರು ಸಿಕ್ಕಿದ್ದು ನಮ್ಮ ಬೀದಿಯಲ್ಲೇ. ಜಿಮ್ಮಿನಲ್ಲಿ ಕೆಲಸ ಮಾಡುವ ಹುಡುಗ, ನಿನಗಿಂತ ಚಿಕ್ಕವನು. ನಾನು ನೀರಿನ ಕ್ಯಾನು ಎತ್ತುವುದನ್ನು ನೋಡಿ ಬೈಕು ನಿಲ್ಲಿಸಿ ಬಂದ. "ತಾತ, ಬೆನ್ನು ಹೋಗುತ್ತೆ" ಅಂದ. ಆಮೇಲೆ ತೋರಿಸಿಕೊಟ್ಟ. ಕ್ಯಾನಿಗೆ ತೀರ ಹತ್ತಿರ ನಿಲ್ಲಬೇಕು, ಕಾಲು ಭುಜದಷ್ಟು ಅಗಲ. ಸೊಂಟವನ್ನು ಹಿಂದಕ್ಕೆ ತಳ್ಳಿ ಮಂಡಿ ಮಡಿಸಬೇಕು, ಎದೆ ಮುಂದಕ್ಕೆ ಕುಸಿಯಬಾರದು. ಒಂದು ಕೈ ಕತ್ತಿಗೆ, ಒಂದು ಕೈ ತಳಕ್ಕೆ, ಕ್ಯಾನನ್ನು ಹೊಟ್ಟೆಗೆ ಅವುಚಿಕೊಂಡು, ಹಿಮ್ಮಡಿ ನೆಲಕ್ಕೊತ್ತಿ, ಉಸಿರು ಬಿಡುತ್ತಾ ಏಳಬೇಕು. ಇಪ್ಪತ್ತು ಲೀಟರ್ ಅಂದರೆ ಇಪ್ಪತ್ತು ಕಿಲೋ ಮೇಲೆ. ಆದರೂ ಬೆನ್ನಿಗೆ ಗೊತ್ತೇ ಆಗಲಿಲ್ಲ, ತೊಡೆ ಎತ್ತಿತು. ಖಾಲಿ ಕ್ಯಾನಿನಿಂದ ಶುರುಮಾಡಿ ಅರ್ಧ ತುಂಬಿದ್ದು, ಆಮೇಲೆ ಪೂರ್ತಿ, ಹೀಗೆ ತಿಂಗಳುಗಟ್ಟಲೆ ಮಾಡಿದೆ. ಜಿಮ್ಮಿನಲ್ಲಿ ಡೆಡ್‌ಲಿಫ್ಟ್ ಅನ್ನುವುದು ಇಂಥದ್ದನ್ನೇ ಅಂತೆ.

ವಯಸ್ಸಾಯಿತು ಅನ್ನುವವರಿಗೂ ಒಂದು ಮಾತು. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬಾಸ್ಟನ್ನಿನ ಮರಿಯಾ ಫಿಯಾಟರೋನ್ ಅನ್ನುವ ವೈದ್ಯೆ, ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ಕಸರತ್ತು ಮಾಡಿಸಿದರು. ಕೊನೆಯವರೆಗೂ ಮಾಡಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಂಬತ್ತರ ಸ್ನಾಯು ಮಾತು ಕೇಳಿದರೆ ನಿನ್ನ ಇಪ್ಪತ್ತೇಳರದ್ದು ಕೇಳದೇ ಇರುತ್ತದೆಯೇ?

ಹೆಜ್ಜೆಯ ವಿಷಯ. ನಿನ್ನ ಫೋನು ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ಕೆಂಪು ತೋರಿಸಿದರೆ ನೀನು ಸಪ್ಪಗಾಗುತ್ತೀಯ. ಆ ಹತ್ತು ಸಾವಿರದ ಗುರಿ ಹಬ್ಬಿದ್ದು ಒಂದು ಯಂತ್ರದ ಹೆಸರಿನಿಂದ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದಕ್ಕೆ ಮಾನ್ಪೊ-ಕೆ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್, ಅಂತ ಹೆಸರಿಟ್ಟರು. ಹೆಸರು ಲೋಕಕ್ಕೆಲ್ಲ ಗುರಿಯಾಗಿ ಉಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಬೇರೆ: ವಾರಕ್ಕೆ 150ರಿಂದ 300 ನಿಮಿಷ ಉಸಿರು ಸ್ವಲ್ಪ ಹೆಚ್ಚುವಂಥ ಚಟುವಟಿಕೆ, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಒಂದೊಂದು ಸಲಕ್ಕೆ ಹತ್ತು ನಿಮಿಷವಾದರೂ ಇರಲೇಬೇಕು ಅನ್ನುವ ಹಳೆಯ ಕಟ್ಟಳೆಯನ್ನೂ ತೆಗೆದುಹಾಕಿದರು. ಎರಡು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ಮನೆಯ ಮೆಟ್ಟಿಲೂ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮೂರಂತಸ್ತು ಎಬ್ಬಿಸಿ, ಲಿಫ್ಟಿಲ್ಲದೆ ಬಾಡಿಗೆಗೆ ಕೊಟ್ಟ ಮನೆಗಳು ಲಗ್ಗೆರೆ ತುಂಬ ಇವೆ. 1953ರಲ್ಲಿ ಜೆರ್ರಿ ಮಾರಿಸ್ ಅನ್ನುವ ವೈದ್ಯರು ಲಂಡನ್ನಿನ ಬಸ್ಸಿನವರನ್ನು ಹೋಲಿಸಿ ನೋಡಿದರು. ಕೂತು ಓಡಿಸುವ ಡ್ರೈವರುಗಳಿಗಿಂತ, ದಿನವೆಲ್ಲ ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. ನಿನ್ನ ಮನೆ ಮೂರನೇ ಅಂತಸ್ತು. ತರಕಾರಿ ಗಾಡಿ ಬಂದಾಗ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುವ ಬದಲು ನೀನೇ ಇಳಿದು ಬಾ.

ನಡಿಗೆಗೆ ರಿಂಗ್ ರೋಡಿನ ಹೊಗೆ ಬೇಡ. ಬೆಳಗಿನ ಜಾವವಾದರೆ ಒಳರಸ್ತೆಗಳೇ ಸಾಕು. ಭಾನುವಾರ ಬಿಡುವಿದ್ದರೆ ಮತ್ತಿಕೆರೆಯ ಜೆ.ಪಿ. ಪಾರ್ಕಿಗೆ ಹೋಗೋಣ. ನಾನು ಕೆಲವು ದಿನ ಲಗ್ಗೆರೆ ಬ್ರಿಡ್ಜಿನಿಂದ ಗೊರಗುಂಟೆಪಾಳ್ಯದ ದಿಕ್ಕಿಗೆ, ಕಂಠೀರವ ಸ್ಟುಡಿಯೋವರೆಗೂ ಹೋಗಿಬರುತ್ತೇನೆ. ಅಣ್ಣಾವ್ರ, ಅಂದರೆ ನಟ ರಾಜ್‌ಕುಮಾರ್ ಅವರ, ಸಮಾಧಿ ಅಲ್ಲಿದೆ. ನಡುವಯಸ್ಸಿನಲ್ಲಿ ಗುರುವಿನ ಹತ್ತಿರ ಯೋಗ ಕಲಿತವರು ಅವರು. 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಅವರ ಯೋಗಾಸನ ನೋಡು, ಐವತ್ತು ದಾಟಿದ ಮೈ ಅಂತ ನಂಬಲಾಗುವುದಿಲ್ಲ.

ಪಕ್ಕದಲ್ಲೇ ಅವರ ಮಗ, ನಟ ಅಪ್ಪುವಿನ ಸಮಾಧಿ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ಆ ಹುಡುಗ ಹೃದಯದ ತೊಂದರೆಯಿಂದ ಹೋದಾಗ ನಮ್ಮ ಬೀದಿಯಲ್ಲಿ ಒಲೆ ಹೊತ್ತಿಸದ ಮನೆಗಳಿದ್ದವು. ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಜಿಮ್ಮಿಗೆ ಹೋದರೆ ಹೀಗಾಗುತ್ತೆ ಅಂತ ಎಷ್ಟೋ ತಾಯಂದಿರು ಮಕ್ಕಳನ್ನು ತಡೆದರು. ಆ ಭಯ ನನಗೆ ಅರ್ಥವಾಗುತ್ತದೆ, ಆದರೆ ಸುಮ್ಮನೆ ಕೂರುವುದು ಅದಕ್ಕೆ ಮದ್ದಲ್ಲ. ಮನೆಯಲ್ಲಿ ಹೃದಯದ ಕಾಯಿಲೆ ಇದ್ದರೆ, ಬಿಪಿ, ಸಕ್ಕರೆ ಇದ್ದರೆ, ಜೋರಿನ ಕಸರತ್ತಿಗೆ ಇಳಿಯುವ ಮುಂಚೆ ಡಾಕ್ಟರಿಗೆ ತೋರಿಸು. ಮಾಡುವಾಗ ಎದೆ ಹಿಂಡಿದರೆ, ಎಡತೋಳಿಗೋ ದವಡೆಗೋ ನೋವು ಹರಿದರೆ, ಕಣ್ಣು ಕತ್ತಲೆಯಾದರೆ ಅಲ್ಲೇ ನಿಲ್ಲಿಸು, ಗ್ಯಾಸ್ಟ್ರಿಕ್ ಅಂತ ಸಮಾಧಾನ ಮಾಡಿಕೊಂಡು ಮನೆಗೆ ಬರಬೇಡ, ಆಸ್ಪತ್ರೆಗೆ ಹೋಗು.

ಇನ್ನೊಂದು ಮಾತು, ಇದು ಮುಖ್ಯ. ನಿನಗೆ ಟೈಮಿಲ್ಲ ಅನ್ನುತ್ತೀಯ. ನಿನ್ನ ಅಕ್ಕ ಐದಕ್ಕೆ ಎದ್ದು, ನೀರು ಹಿಡಿದು, ತಿಂಡಿ ಮಾಡಿ, ಡಬ್ಬಿ ಕಟ್ಟಿಕೊಂಡು ಗಾರ್ಮೆಂಟ್ಸಿಗೆ ಓಡುತ್ತಾಳೆ. ದಿನವೆಲ್ಲ ಹೊಲಿಗೆ ಮಷೀನಿನ ಮೇಲೆ ಕತ್ತು ಬಗ್ಗಿಸಿ ಕೂತು, ಬಂದು ಮತ್ತೆ ಒಲೆ ಮುಂದೆ ನಿಲ್ಲುತ್ತಾಳೆ. ಅವಳ ಭುಜ ಹಿಡಿದುಕೊಂಡಿದೆ, ನೀನು ಗಮನಿಸಿದ್ದೀಯೋ ಇಲ್ಲವೋ. ರಾತ್ರಿ ಪಾತ್ರೆ ತೊಳೆಯುವ ಕೆಲಸ ನೀನು ವಹಿಸಿಕೋ. ಆ ಅರ್ಧ ಗಂಟೆ ಅವಳೂ ನಿಮ್ಮಮ್ಮನೂ ತಾರಸಿಯ ಮೇಲೆ ನಡೆಯಲಿ. ನಮ್ಮ ಮನೆಯಾಕೆ ದಿನಾ ಒಂಬತ್ತಕ್ಕೆ ಅಲ್ಲೇ ಇರುತ್ತಾಳೆ, ಜೊತೆಯಾಗುತ್ತಾಳೆ.

ನಿನ್ನ ಬೂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಗಂಟು ಬಿಡಿಸಿ, ಬಿಸಿಲಿಗಿಟ್ಟಿದ್ದೆ. ಈಗ ಗೇಟಿನ ಪಕ್ಕದ ಕಟ್ಟೆಯ ಮೇಲಿದೆ. ನಾಳೆ ಆರು ಗಂಟೆಗೆ ನಾನು ಅಲ್ಲಿರುತ್ತೇನೆ. ಮೊದಲ ವಾರ ಹದಿನೈದೇ ನಿಮಿಷ. ಬಾ.