ಸ್ಪೀಡೋಮೀಟರಿನ ತಂತಿ ಪದೇ ಪದೇ ಏಕೆ ತುಂಡಾಗುತ್ತದೆ?

ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಬೀದಿಗಳಿಂದ ನಿವೃತ್ತವಾದವು. ಆದರೆ ಮನೆಯ ಉಪಯೋಗಕ್ಕೆಂದು ಉಳಿದ ಹಳೆಯ ಪದ್ಮಿನಿಗಳೂ, ಕಚೇರಿಗೋ ಸ್ಟೇಷನ್ನಿಗೋ ಹೋಗಿಬರಲು ನಮ್ಮ ಬಾಂಧವರು ಜೋಪಾನ ಮಾಡಿಕೊಂಡಿರುವ ಹಳೆಯ ಚೇತಕ್ ಸ್ಕೂಟರುಗಳೂ ಇನ್ನೂ ಇವೆ. ಇವುಗಳ ಸ್ಪೀಡೋಮೀಟರನ್ನು ನಡೆಸುವುದು ಕವಚದೊಳಗೆ ತಿರುಗುವ ಒಂದು ತಂತಿ. ಕಾರಿನಲ್ಲಿ ಅದು ಗೇರ್‌ಬಾಕ್ಸಿನಿಂದ, ಸ್ಕೂಟರಿನಲ್ಲಿ ಮುಂದಿನ ಚಕ್ರದಿಂದ ಹೊರಡುತ್ತದೆ. ತುಂಡಾದರೆ ಹೊಸದು ಹಾಕಿಸುವುದೇ ರೂಢಿ. ಕಾರಣ ಹುಡುಕದೆ ಹಾಕಿಸಿದ ಹೊಸ ತಂತಿಯೂ ಹೆಚ್ಚು ದಿನ ಬಾಳದು. ಕೂಲಿ ಎರಡು ಸಲ ತೆರಬೇಕಾಗುತ್ತದೆ.

ತಂತಿ ಹೇಳದೆ ಕೇಳದೆ ತುಂಡಾಗುವುದು ಅಪರೂಪ. ಮೊದಲು ಮುಳ್ಳು ನಡುಗುತ್ತದೆ, ಕಿರ್ ಕಿರ್ ಸದ್ದು ಕೇಳಿಸುತ್ತದೆ. ಒಳಗಿನ ಗ್ರೀಸು ಒಣಗಿದೆ, ಇಲ್ಲವೆ ಕವಚ ಎಲ್ಲಿಯೋ ಬಿಗಿಯಾಗಿ ಬಾಗಿದೆ ಎಂಬುದರ ಗುರುತು ಇದು. ಮುಳ್ಳು ಏಳದೆ ಕಿಲೋಮೀಟರಿನ ಅಂಕಿಗಳು ಮಾತ್ರ ಓಡುತ್ತಿದ್ದರೆ ದೋಷ ಮೀಟರಿನದು. ಆಗ ತಂತಿಗೆ ಹಣ ಕೊಡಬೇಡಿ.

ಒಳತಂತಿಯನ್ನು ಹೊರಗೆಳೆಸಿ, ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಸಮನಾದ ಮೇಜಿನ ಮೇಲೆ ಉರುಳಿಸಿ ನೋಡಬೇಕು. ಕುಪ್ಪಳಿಸಿದರೆ ಅದು ಸೊಟ್ಟಗಾಗಿದೆ, ಬದಲಿಸುವುದೇ ಲೇಸು. ನೆಟ್ಟಗಿದ್ದರೆ ತೆಳುವಾಗಿ ಗ್ರೀಸು ಸವರಿ ಮತ್ತೆ ಹಾಕಬಹುದು. ಮೀಟರಿನ ಕಡೆಯ ಒಂದು ಗೇಣಿಗೆ ಮಾತ್ರ ಸವರಕೂಡದು. ಕೆಲವು ಗ್ಯಾರೇಜಿನ ಹುಡುಗರು ಧಾರಾಳವಾಗಿ ಮೆತ್ತುತ್ತಾರೆ; ಅದು ಉಪಕಾರವಲ್ಲ. ತಿರುಗುವ ತಂತಿ ಗ್ರೀಸನ್ನು ಮೇಲಕ್ಕೇರಿಸುತ್ತದೆ. ಗ್ರೀಸು ಹೊಕ್ಕ ಮೀಟರು ಬಿಗಿಯಾಗುತ್ತದೆ, ಬಿಗಿಯಾದ ಮೀಟರು ತಂತಿಯನ್ನು ಮುರಿಯುತ್ತದೆ. ಎರಡನೆಯ ತಂತಿಯೂ ಬೇಗನೆ ತುಂಡಾಯಿತೆಂದರೆ ನಮ್ಮ ಸಂದೇಹ ಮೊದಲು ಮೀಟರಿನ ಮೇಲೆಯೇ. ಹಳೆಯ ತಂತಿಯ ಚೌಕ ತುದಿಯ ಚೂರನ್ನು ಮೀಟರಿಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿದರೆ ಅದು ಸಲೀಸಾಗಿ ತಿರುಗಬೇಕು.

ಸ್ಕೂಟರಿನವರು ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಕವಚ ಜಗ್ಗುವುದಿಲ್ಲವೆಂದು ನೋಡಿಕೊಳ್ಳಬೇಕು. ಕಾರಿನಲ್ಲಿ ಅದು ಬಿಸಿಯಾದ ಹೊಗೆಕೊಳವೆಗೆ ತಾಗಬಾರದು.

ಇನ್ನು ನಮ್ಮ ಊರಿನ ಮಳೆ. ಕುರ್ಲಾ, ಸಾಯನ್ ಕಡೆ ನಿಂತ ನೀರಿನಲ್ಲಿ ಸ್ಕೂಟರು ದಾಟಿಸಿದಾಗ ಕವಚದ ಕೆಳತುದಿಯಿಂದ ನೀರು ಹೊಕ್ಕು ತಂತಿಗೆ ತುಕ್ಕು ಹಿಡಿಯುತ್ತದೆ. ಮೇ ತಿಂಗಳ ಕೊನೆಗೊಮ್ಮೆ, ಗಣೇಶ ಚೌತಿ ಕಳೆದು ಮಳೆ ಇಳಿದ ಮೇಲೊಮ್ಮೆ ತೊಳೆಸಿ ಗ್ರೀಸು ಹಾಕಿಸುವುದು ನಮಗೆ ತಕ್ಕ ಕ್ರಮವೆಂದು ತೋರುತ್ತದೆ. ಕವಚ ಸೀಳಿದ್ದರೆ ಟೇಪು ಸುತ್ತಿ ದಿನ ತಳ್ಳದೆ ಹೊಸದನ್ನೇ ಕೊಳ್ಳಿ. ಅಂಗಡಿಗೆ ಹಳೆಯದನ್ನು ಜೊತೆಗೆ ಒಯ್ದು, ಉದ್ದವನ್ನೂ ಎರಡು ತುದಿಗಳನ್ನೂ ಹೋಲಿಸಿ ನೋಡಿ. ಒಳತಂತಿ ಅರ್ಧ ಅಂಗುಲ ಉದ್ದವಾದರೂ ಮೀಟರನ್ನು ಒತ್ತಿ ಕೆಡಿಸುತ್ತದೆ.