ಬಾವಿ ನೀರಿನ ಈಜುಕೊಳ ತಿಳಿಯಾಗದಿದ್ದರೆ

ಈಜುಕೊಳದ ಸುದ್ದಿ ಕೃಷಿಕರಿಗೇಕೆ ಎಂದು ಪುಟ ಮಗುಚಬೇಡಿ. ಕಾರ್ಕಳ, ಉಡುಪಿ ಕಡೆ ಹೋಂ ಸ್ಟೇ ಮಾಡಿದ ತೋಟದ ಮನೆಗಳಲ್ಲೂ ಈಗ ಕೊಳ ಉಂಟು. ತುಂಬಿಸುವುದು ನಮ್ಮದೇ ಬಾವಿಯ ನೀರು. ಆ ನೀರಿನ ಗುಣ ತಿಳಿಯದೆ ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ.

ಕಾಪುವಿನಿಂದ ಶಿರ್ವಕ್ಕೆ ಹೋಗುವ ದಾರಿಯ ಗುಡ್ಡೆಯಲ್ಲಿ ನನ್ನ ಅಕ್ಕನ ಮನೆ. ಬಾವ ಅಂಗಳದ ಬದಿಗೆ ಒಂದು ಸಣ್ಣ ಕೊಳ ಕಟ್ಟಿಸಿದ್ದಾರೆ. 8 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ ಆಳ ಒಂದೂವರೆ ಮೀಟರ್. ಗುಣಿಸಿದರೆ 60 ಘನ ಮೀಟರ್, ಅಂದರೆ 60,000 ಲೀಟರ್. ಮಳೆಗಾಲವಿಡೀ ಮುಚ್ಚಿಟ್ಟು ನವರಾತ್ರಿ ಕಳೆದ ಮೇಲೆ ತೊಳೆದು ಬಾವಿಯಿಂದ ತುಂಬಿಸಿದರು. ನೀರು ಅಕ್ಕಚ್ಚಿನ ಹಾಗೆ ಬೆಳ್ಳಗೆ. ಮರಳಿನ ಫಿಲ್ಟರ್ ಮೂರು ದಿನ ಓಡಿದರೂ ಹಾಗೆಯೇ. ನನಗೆ ಫೋನು ಬಂತು. ಬೆಟ್ಟು ಗದ್ದೆಯ ನಮ್ಮ ಮಳೆ ಹೊಂಡದ ಕೆಂಪು ನೀರನ್ನು ನಾನು ಪಟಿಕದಲ್ಲಿ ತಿಳಿ ಮಾಡುವವ. ಅದೇ ಧೈರ್ಯದಲ್ಲಿ ಐದು ಕಿಲೋ ಪಟಿಕ ಪುಡಿ ಮಾಡಿ ಹಾಕಿಸಿದೆ.

ಮರುದಿನವೂ ಬೆಳ್ಳಗೆ! "ಎಂತ ಮಾರಾಯ, ಐದು ಕಿಲೋ ನುಂಗಿತಲ್ಲ!" ಎಂದರು ಬಾವ. ಮಕ್ಕಳು ಇಳಿಯಲು ಹಟ ಮಾಡಿದವು. "ಇಳಿಯಲಿ, ಪಟಿಕ ಏನೂ ಮಾಡುವುದಿಲ್ಲ" ಎಂದವನು ನಾನೇ. ಸ್ವಲ್ಪ ಹೊತ್ತಿಗೆ ಎಲ್ಲರೂ ಕಣ್ಣು ಉರಿ ಎಂದು ಮೇಲೆ ಬಂದರು. ಆರು ವರ್ಷದ ಅಕ್ಕನ ಮೊಮ್ಮಗಳು ಮಾತ್ರ ಬಂದಿರಲಿಲ್ಲ. ಆಚೆ ಬದಿಯಲ್ಲಿದ್ದಾಳೆ ಎಂದು ಈಚೆಯವರು, ಈಚೆ ಇದ್ದಾಳೆ ಎಂದು ಆಚೆಯವರು. ಆಳದ ಕಡೆ ಗುಳ್ಳೆ ಏಳುವುದನ್ನು ಅಕ್ಕ ಕಂಡಳು. ಬಾವ ಸೀರಿಂದ ಹಾರಿ ಕೈಯಾಡಿಸಿದಾಗ ಜುಟ್ಟು ಸಿಕ್ಕಿತು. ನಾವು ನಾಲ್ಕು ಜನ ದೊಡ್ಡವರು ದಂಡೆಯಲ್ಲೇ ಇದ್ದೆವು, ಒಬ್ಬರಿಗೂ ಕಾಣಲಿಲ್ಲ. ಮಗು ಹುಷಾರಾಗಿದೆ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಪಟಿಕ ಯಾಕೆ ಹಿಡಿಯಲಿಲ್ಲ?

ನಮ್ಮ ಕರಾವಳಿಯ ಗುಡ್ಡೆಗಳಲ್ಲಿ ಮೇಲೆ ಮುರಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು. ಬಾವಿ ಶೇಡಿಗೆ ಇಳಿದಿದ್ದರೆ ಮಳೆ ಕಳೆದ ಹೊಸತರಲ್ಲಿ ಪಂಪು ಎಳೆದಾಗ ನೀರು ಬೆಳ್ಳಗಾಗುತ್ತದೆ. ಶೇಡಿಯ ಕಣ ಬಹಳ ನುಣುಪು. ಜೊತೆಗೆ ಎಲ್ಲ ಕಣಗಳಲ್ಲೂ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತವೆ, ಕೂಡಿ ಭಾರವಾಗಿ ತಳ ಸೇರುವುದಿಲ್ಲ. ಮರಳಿನ ಎಡೆಯಲ್ಲೂ ನುಸುಳಿ ಹೋಗುತ್ತವೆ. ಪಟಿಕ ಈ ದೂಡಾಟವನ್ನು ನಿಲ್ಲಿಸಿ ಹತ್ತಿಯಂತಹ ಎಸಳು ಕಟ್ಟಿ ಕಣಗಳನ್ನು ಹಿಡಿದುಕೊಂಡು ಇಳಿಯುತ್ತದೆ.

ಆದರೆ ಎಸಳು ಕಟ್ಟಬೇಕಾದರೆ ನೀರಿನಲ್ಲಿ ಸ್ವಲ್ಪ ಕ್ಷಾರ ಬೇಕು. ಮುರಕಲ್ಲಿನ ಬಾವಿ ನೀರು ಹೆಚ್ಚಾಗಿ ಮೆದು, ಹುಳಿ ಬದಿಗೆ ಇರುವಂಥದ್ದು. ಪಟಿಕವೂ ಹುಳಿಯೇ. ಇದ್ದ ಅಷ್ಟಿಷ್ಟು ಕ್ಷಾರವನ್ನು ಮೊದಲ ಒಂದೆರಡು ಕಿಲೋ ತಿಂದು ಮುಗಿಸಿತು. ಉಳಿದದ್ದು ಕರಗಿ ಸುಮ್ಮನೆ ನಿಂತಿತು. ಪಿಎಚ್ ಕಾಗದ ಅದ್ದಿದರೆ ಐದರ ಕೆಳಗೆ. ಈಜುವ ನೀರಿಗೆ 7.2ರಿಂದ 7.8 ಇರಬೇಕು. ಕಣ್ಣು ಉರಿದದ್ದು ಅದಕ್ಕೆ. ಬೋರ್ಡೋ ದ್ರಾವಣಕ್ಕೆ ಸುಣ್ಣ ಕಡಿಮೆಯಾದರೆ ಅಡಿಕೆ ಹಿಂಗಾರ ಸುಡುತ್ತದೆಂದು ಲಿಟ್ಮಸ್ ಕಾಗದ ಅದ್ದಿ ನೋಡುವವರು ನಾವು. ಇಲ್ಲಿ ಆ ಬುದ್ಧಿ ಓಡಲಿಲ್ಲ.

ಬಾಟ್ಲಿಯಲ್ಲಿ ಪರೀಕ್ಷೆ

ಪೇಟೆಗಳ ನೀರು ಶುದ್ಧೀಕರಣ ಘಟಕಗಳಲ್ಲಿ ಜಾರಿನಲ್ಲಿ ಮಾಡುವ ಪರೀಕ್ಷೆಯನ್ನು ನಾವು ಬಾಟ್ಲಿಯಲ್ಲಿ ಮಾಡಬಹುದು. 10 ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಇನ್ನೊಂದರಲ್ಲಿ ಹಾಗೆಯೇ 10 ಗ್ರಾಂ ಅಡುಗೆ ಸೋಡಾ. ಕೊಳದ ನೀರನ್ನು ಲೀಟರಿನ ಐದಾರು ಬಾಟ್ಲಿಗೆ ತುಂಬಿ ಸಿರಿಂಜಿನಲ್ಲಿ ಅಳೆದು ಹಾಕಿ. ಮೊದಲು ಸೋಡಾ, ಮತ್ತೆ ಪಟಿಕ. ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ಮೆಲ್ಲನೆ ತಿರುಗಿಸಿ ಅರ್ಧ ಗಂಟೆ ಇಡಿ. ಯಾವ ಬಾಟ್ಲಿ ಚೆನ್ನಾಗಿ ತಿಳಿಯಾಯಿತೋ ಅದೇ ಲೆಕ್ಕ. ಲೀಟರಿಗೆ 1 ಮಿಲಿ ಎಂದರೆ 60,000 ಲೀಟರಿಗೆ 600 ಗ್ರಾಂ. ಏಳನೇ ಕ್ಲಾಸಿನ ಲೆಕ್ಕ ಸಾಕು.

ಬಾವನ ಕೊಳದ ನೀರಿಗೆ ಬರಿಯ ಸೋಡಾ 10 ಮಿಲಿ ಹಾಕಿದ ಬಾಟ್ಲಿಯಲ್ಲೇ ಹತ್ತಿ ಕಟ್ಟಿತು. ಪಟಿಕ ಮೊದಲೇ ಇತ್ತಲ್ಲ! ಕೊಳಕ್ಕೆ 6 ಕಿಲೋ ಸೋಡಾವನ್ನು ಬಕೆಟಿನಲ್ಲಿ ಕರಗಿಸಿ ಸುತ್ತಲೂ ಹೊಯ್ದೆವು. ಫಿಲ್ಟರಿನ ವಾಲ್ವನ್ನು ಮರಳಿಗೆ ಹೋಗದ ಹಾಗೆ ತಿರುಗಿಸಿ ಎರಡು ಗಂಟೆ ಪಂಪು ಓಡಿಸಿ, ಸಂಜೆ ನಿಲ್ಲಿಸಿ, ಯಾರೂ ಮುಟ್ಟದೆ ಬಿಟ್ಟೆವು. ಬೆಳಿಗ್ಗೆ ತಳದಲ್ಲಿ ಒಂದು ಪದರ, ಮೇಲೆ ಕನ್ನಡಿಯಂಥ ನೀರು. ಆ ಪದರವನ್ನು ಮರಳಿಗೆ ಎಳೆಯಬಾರದು, ಫಿಲ್ಟರ್ ಕಟ್ಟುತ್ತದೆ. ವಾಲ್ವನ್ನು ಹೊರಗೆ ಬಿಡುವ ಕಡೆ ತಿರುಗಿಸಿ ಪೈಪು, ಬ್ರಷ್ಷಿನಿಂದ ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ಪುನಃ ಕದಡುತ್ತದೆ. ಕಮ್ಮಿಯಾದಷ್ಟು ನೀರು ತುಂಬಿಸಬೇಕು.

ಈ ವರ್ಷ ಮೊದಲೇ ಪರೀಕ್ಷೆ ಮಾಡಿ ಸೋಡಾ 3 ಕಿಲೋ, ಪಟಿಕ 1.8 ಕಿಲೋದಲ್ಲೇ ಮುಗಿಸಿದೆವು. ಇದು ಆ ಬಾವಿಯ ಲೆಕ್ಕ. ನಿಮ್ಮದಕ್ಕೆ ನಿಮ್ಮ ಬಾಟ್ಲಿಯೇ ಹೇಳಬೇಕು.

ಬ್ಲೀಚಿಂಗ್ ಪೌಡರ್ ಹಾಕುವುದಿದ್ದರೆ ಪಟಿಕಕ್ಕಿಂತ ಒಂದು ದಿನ ಮೊದಲು, ಸಂಜೆ. ಬಿಸಿಲಿಗೆ ಕ್ಲೋರಿನ್ ಹಾರಿ ಹೋಗುತ್ತದೆ. ನಮ್ಮ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕ್ಲೋರಿನ್ ಬಿದ್ದದ್ದೇ ಚಾದ ಬಣ್ಣ ಬರುತ್ತದೆ. ಹೆದರಬೇಡಿ, ಮತ್ತೆ ಪಟಿಕ ಅದನ್ನೂ ಇಳಿಸುತ್ತದೆ. 60,000 ಲೀಟರಿಗೆ ಸುಮಾರು ಒಂದು ಕಿಲೋ. ಪ್ಲಾಸ್ಟಿಕ್ ಬಕೆಟಿನ ನೀರಿಗೆ ಪುಡಿ ಹಾಕಿ ಕಲಸಿ, ತಳದ ಸುಣ್ಣ ಬಿಟ್ಟು ತಿಳಿ ಮಾತ್ರ ಹೊಯ್ಯಿರಿ. ಸುಣ್ಣ ಹೋದರೆ ಅದೇ ಇನ್ನೊಂದು ಬಿಳಿ. ಈ ಪುಡಿಯನ್ನು ಗೊಬ್ಬರದ ಕೋಣೆಯಲ್ಲಿ ಇಡಬೇಡಿ, ಆಸಿಡ್ ಹತ್ತಿರ ತರಲೇಬೇಡಿ. ನೀರಿನಲ್ಲಿ ಕ್ಲೋರಿನ್ 3 ಪಿಪಿಎಂಗೆ ಇಳಿದ ಮೇಲೆಯೇ ಈಜು. ಹಸಿರು ಕಂಡರೆ ಮೈಲುತುತ್ತು ಎರಚುವವರಿದ್ದಾರೆ, ಅದು ಬೇಡ. ಆ ನೀರು ಹರಿದು ತೋಡು ಸೇರಿದರೆ ಮೀನು ಸಾಯುತ್ತದೆ. ಕ್ಲೋರಿನ್ ನೀರನ್ನೂ ನಾಲ್ಕು ದಿನ ಬಿಸಿಲಿಗೆ ಬಿಟ್ಟು, ಬಾವಿಯಿಂದ ದೂರ, ಗುಡ್ಡೆಗೆ ಬಿಡಿ.

ಬಾವ ಈಗ ಒಂದು ಕ್ರಮ ಮಾಡಿದ್ದಾರೆ. ಪ್ರತಿ ದಿನ ಸ್ಟೀಲಿನ ಲೋಟವೊಂದನ್ನು ಆಳದ ಕಡೆ ಮುಳುಗಿಸುತ್ತಾರೆ. ದಂಡೆಯಲ್ಲಿ ನಿಂತವರಿಗೆ ಅದರ ಅಂಚು ಸ್ಪಷ್ಟ ಕಾಣದಿದ್ದರೆ ಆ ದಿನ ಯಾರೂ ಇಳಿಯುವಂತಿಲ್ಲ, ಬಾಂಬೆಯಿಂದ ಬಂದ ನೆಂಟರೂ.

ನುಗ್ಗೆ ಬೀಜದ ಪುಡಿಯೂ ಕೆಸರು ಇಳಿಸುತ್ತದೆ, ನೀರನ್ನು ಹುಳಿ ಮಾಡುವುದಿಲ್ಲ. ಆದರೆ ಬೀಜದ ಅಂಶ ಉಳಿದು ಒಂದೆರಡು ದಿನದಲ್ಲಿ ನೀರು ಹಳಸುವುದರಿಂದ ಕೊಳಕ್ಕೆ ಆಗದು. ಮಳೆ ಹೊಂಡದ ನೀರಿಗೆ ಬಳಸಿ ನೋಡಿದವರಿದ್ದರೆ ಎಷ್ಟು ಬೀಜ ಬೇಕಾಯಿತೆಂದು ಬರೆಯಿರಿ.