ಶಕ್ತಿ ಏರಿದರೂ ವೇಗ ಏಕೆ ಏರದು?

ಪ್ರಶ್ನೆ: ನನ್ನದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು. 300 ಅಶ್ವಶಕ್ತಿ, ಟಾಪ್ ಸ್ಪೀಡ್ 260 ಕಿ.ಮೀ. ರೀಮ್ಯಾಪ್ ಮಾಡಿಸಿ ಎಕ್ಸಾಸ್ಟ್ ಬದಲಿಸಿದರೆ 360 ಅಶ್ವಶಕ್ತಿ ಬರುತ್ತದೆ, ವೇಗ 310 ದಾಟುತ್ತದೆ ಅಂತ ಗ್ಯಾರೇಜಿನವರು ಹೇಳುತ್ತಾರೆ. ನಂಬಬಹುದೇ ಸರ್?
– ಓದುಗರು, ಬೆಂಗಳೂರು

ಉತ್ತರ: 360 ಬಂದರೂ ಬರಬಹುದು, 310 ಖಂಡಿತ ಬಾರದು. ಇನ್ನೂರು ದಾಟಿದ ಮೇಲೆ ಇಂಜಿನ್ ದುಡಿಯುವುದು ಹೆಚ್ಚುಕಡಿಮೆ ಗಾಳಿಯನ್ನು ಸೀಳುವುದಕ್ಕೇ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಈ ಲೆಕ್ಕದಲ್ಲಿ ನಿಮ್ಮ ಹೊಸ 60 ಅಶ್ವಶಕ್ತಿಗೆ ಸಿಗುವುದು ಸುಮಾರು 16 ಕಿ.ಮೀ., ಅಂದರೆ 276. ಅದೂ ಟಾಪ್ ಗೇರಿನಲ್ಲಿ ಇನ್ನೂ ಆರ್‌ಪಿಎಂ ಉಳಿದಿದ್ದರೆ.

ಜರ್ಮನಿಯ ರೂಫ್ ಕಂಪನಿ 1987ರಲ್ಲಿ ಮಾಡಿದ ಕೆಲಸ ನೋಡಿ. ಪೋರ್ಷೆ 911 ಕರೇರಾ ಆಗ 231 ಅಶ್ವಶಕ್ತಿಯ, 245 ಕಿ.ಮೀ. ವೇಗದ ಕಾರು. ಅದರ ಇಂಜಿನ್ನನ್ನು 3.4 ಲೀಟರಿಗೆ ಹಿಗ್ಗಿಸಿ, ಎರಡು ಟರ್ಬೊ ಕೂರಿಸಿ 469 ಅಶ್ವಶಕ್ತಿ ತೆಗೆದರು. ಅಷ್ಟಕ್ಕೇ ಬಿಟ್ಟಿದ್ದರೆ ಮೇಲಿನ ಲೆಕ್ಕದ ಪ್ರಕಾರ ಕಾರು 310ರ ಆಸುಪಾಸಿನಲ್ಲಿ ನಿಲ್ಲಬೇಕಿತ್ತು. ಆದರೆ ಅವರು ಟರ್ಬೊ ಮಾದರಿಯ ಅಗಲ ಬಾಡಿ ಬೇಡವೆಂದು ಕರೇರಾದ ಕಿರಿದಾದ ಬಾಡಿಯನ್ನೇ ಉಳಿಸಿಕೊಂಡರು. ಛಾವಣಿಯಂಚಿನಲ್ಲಿ ಮಳೆನೀರು ಹರಿಯಲು ಇದ್ದ ಸಣ್ಣ ಏಣನ್ನೂ ಉಜ್ಜಿ ತೆಗೆದರು, ಕನ್ನಡಿಗಳನ್ನು ಚಿಕ್ಕದು ಮಾಡಿದರು. ಎರಾ-ಲೆಸಿಯನ್ ಟ್ರ್ಯಾಕಿನಲ್ಲಿ ಆ ಹಳದಿ ಕಾರು 339 ಮುಟ್ಟಿತು! ಕಾರನ್ನು ಪೂರ್ತಿ ಅರಿತು ಮಾಡುವ ಮಾಡಿಫಿಕೇಶನ್ ಎಂದರೆ ಇದು.

ನಿಮ್ಮ ದುಡ್ಡು ಮೊದಲು ಟೈರಿಗೆ ಹೋಗಲಿ. ಪಕ್ಕದಲ್ಲಿ ಅಳತೆಯ ಕೊನೆಗಿರುವ ಅಕ್ಷರ ನೋಡಿ: ‘ಡಬ್ಲ್ಯು’ ಇದ್ದರೆ 270ರವರೆಗೆ ಮಾತ್ರ, ‘ವೈ’ ಇದ್ದರೆ 300.

ಪ್ರಶ್ನೆ: ಬೆಳಗಿನ ಜಾವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಟಾಪ್ ಸ್ಪೀಡ್ ನೋಡಬಹುದೇ? ದೊಡ್ಡ ಸ್ಪಾಯ್ಲರ್ ಹಾಕಿಸಿದರೆ ಅನುಕೂಲವೇ?
– ಓದುಗರು, ಮೈಸೂರು

ಉತ್ತರ: ಬೇಡವೇ ಬೇಡ. ಅಲ್ಲಿ ಮಿತಿ 100. 270ರಲ್ಲಿ ಕಾರು ಸೆಕೆಂಡಿಗೆ 75 ಮೀಟರ್ ಓಡುತ್ತದೆ. ಮುಂದಿನ ಲಾರಿ ಲೇನ್ ಬದಲಿಸಿದ್ದು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಹೋಗಿಬಿಟ್ಟಿರುತ್ತೀರಿ. ಇಂಥ ಪರೀಕ್ಷೆಗೆಂದೇ ಇಂದೋರ್ ಬಳಿಯ ಪೀಥಂಪುರದಲ್ಲಿ ನ್ಯಾಟ್ರಾಕ್ಸ್‌ನ 11.3 ಕಿ.ಮೀ. ಟ್ರ್ಯಾಕ್ ಇದೆ. ದೊಡ್ಡ ಸ್ಪಾಯ್ಲರ್ ಹಿಂಬದಿಯನ್ನು ರಸ್ತೆಗೆ ಒತ್ತಿ ತಿರುವಿನಲ್ಲಿ ಹಿಡಿತ ಕೊಡುತ್ತದೆ, ಟಾಪ್ ಸ್ಪೀಡನ್ನು ಮಾತ್ರ ತಗ್ಗಿಸುತ್ತದೆ. ಇನ್ನೊಂದು ವಿಷಯ: ಕಂಪನಿ ಕೊಟ್ಟ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಗ್ಯಾರೇಜಿಗೆ ಅಡ್ವಾನ್ಸ್ ಕೊಡುವ ಮೊದಲು ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರಲ್ಲೂ ವಿಚಾರಿಸಿ.